ಎರಡು ಗುಡ್ಡ, ಮಧ್ಯೆ ಸೂರ್ಯ ಇನ್ನು ಸಾಕು: ಮಕ್ಕಳಿಗೆ ಮನೆಯಲ್ಲೇ ಚಿತ್ರ ಕಲಿಸುವುದು ಹೇಗೆ

ದಾವಣಗೆರೆಯ ಯಾವ ಮಗುವಿಗಾದರೂ ಒಂದು ಹಾಳೆ ಕೊಟ್ಟು 'ಏನಾದರೂ ಚಿತ್ರ ಬರಿ' ಅನ್ನಿ. ಎರಡು ತ್ರಿಕೋನದ ಗುಡ್ಡ ಬರುತ್ತವೆ. ಅವುಗಳ ಮಧ್ಯೆ ಅರ್ಧ ಸೂರ್ಯ, ಅಲ್ಲಿಂದಲೇ ಹುಟ್ಟಿ ಹಾಳೆಯ ತುದಿಯವರೆಗೂ ಇಳಿಯುವ ನದಿ, ದಡದಲ್ಲಿ ಒಂದು ತೆಂಗಿನಮರ, ಒಂದು ಹೆಂಚಿನ ಮನೆ, ಮೇಲೆ ಟಿಕ್ ಹಾಕಿದಂಥ ನಾಲ್ಕು ಹಕ್ಕಿ. ಮಕ್ಕಳು ಇದಕ್ಕೆ 'ಸೀನರಿ' ಅನ್ನುತ್ತಾರೆ. ಅವರ ಅಪ್ಪ ಅಮ್ಮನೂ ಚಿಕ್ಕವರಿದ್ದಾಗ ಇದನ್ನೇ ಬರೆದವರು. ಆದರೆ ನಮ್ಮೂರಲ್ಲಿ ಆ ಗುಡ್ಡ ಎಲ್ಲಿದೆ? ಇಲ್ಲಿರುವುದು ಬಯಲು. ಮೆಕ್ಕೆಜೋಳದ ಹೊಲ, ಭದ್ರಾ ನಾಲೆ, ಭತ್ತದ ಗದ್ದೆ, ಮಂಡಕ್ಕಿ ಭಟ್ಟಿಯ ಹೊಗೆ, ಹಳೇ ಕಾಟನ್ ಮಿಲ್ಲುಗಳ ಗೋಡೆ. ಇವು ಯಾವುವೂ ಮಕ್ಕಳ ಹಾಳೆಗೆ ಬರುವುದೇ ಇಲ್ಲ.

ನಾನು ಬೋರ್ಡ್ ಬರೆಯುವ ಕೆಲಸದಲ್ಲಿದ್ದವನು. ಅಂಗಡಿ ಬೋರ್ಡು, ಗೋಡೆ ಬರಹ, ಜಾತ್ರೆಯ ಬ್ಯಾನರು, ಲಾರಿ ಹಿಂದಿನ ಹೂವು, ಎಲ್ಲವನ್ನೂ ಎನಾಮಲ್ ಪೇಂಟಿನಲ್ಲಿ ಬರೆದಿದ್ದೇನೆ. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ಕಡಿಮೆಯಾಯಿತು. ಈಗ ಒಂಬತ್ತು ವರ್ಷದಿಂದ ಭಾನುವಾರ ಬೆಳಿಗ್ಗೆ ಮನೆಯ ತಾರಸಿ ಮೇಲೆ ಓಣಿಯ ಮಕ್ಕಳನ್ನು ಕೂರಿಸಿಕೊಂಡು ಚಿತ್ರ ಬರೆಸುತ್ತೇನೆ. ಹತ್ತು ಹನ್ನೆರಡು ಮಕ್ಕಳು ಬರುತ್ತಾರೆ, ನಾಲ್ಕು ವರ್ಷದವರಿಂದ ಹಿಡಿದು ಎಸ್ಸೆಸ್ಸೆಲ್ಸಿ ಓದುವವರವರೆಗೆ. ಅಲ್ಲಿ ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಇದನ್ನು ಮನೆಯಲ್ಲಿ ನೀವೇ ಮಾಡಬಹುದು. ನಿಮಗೆ ಚಿತ್ರ ಬರೆಯಲು ಬರಬೇಕು ಅಂತೇನಿಲ್ಲ. ಬರದಿದ್ದರೆ ಇನ್ನೂ ಒಳ್ಳೆಯದು, ಮಗುವಿನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ನೀವೇ ಸರಿಮಾಡುವ ಆಸೆ ಆಗುವುದಿಲ್ಲ.

ಮೊದಲು ಸಾಮಾನಿನ ವಿಷಯ ಮುಗಿಸಿಬಿಡೋಣ. 48 ಬಣ್ಣದ ದೊಡ್ಡ ಡಬ್ಬಿ ತರಬೇಡಿ. ದುಬಾರಿ ಡ್ರಾಯಿಂಗ್ ಪುಸ್ತಕವೂ ಬೇಡ. ಹಾಳೆ ದುಬಾರಿ ಅಂತ ಗೊತ್ತಾದರೆ ಮಗು ಹೆದರುತ್ತದೆ, ಹೆದರಿದ ಮಗು ಗೊತ್ತಿರುವುದನ್ನೇ ಬರೆಯುತ್ತದೆ, ಅಂದರೆ ಮತ್ತೆ ಆ ಎರಡು ಗುಡ್ಡ. ಪ್ರಿಂಟಿಂಗ್ ಪ್ರೆಸ್ಸಿನವರನ್ನು ಕೇಳಿ, ಕತ್ತರಿಸಿ ಉಳಿದ ಹಾಳೆ ಅಗ್ಗಕ್ಕೆ ಸಿಗುತ್ತದೆ. ಹಳೇ ಕ್ಯಾಲೆಂಡರಿನ ಹಿಂಭಾಗವಂತೂ ಬಹಳ ಚೆನ್ನಾಗಿರುತ್ತದೆ. ಚಿಕ್ಕ ಮಕ್ಕಳಿಗೆ ಹಾಳೆ ದೊಡ್ಡದೇ ಬೇಕು, ಯಾಕಂದರೆ ಅವರು ಬೆರಳಿನಿಂದ ಬರೆಯುವುದಿಲ್ಲ, ಇಡೀ ತೋಳಿನಿಂದ ಬರೆಯುತ್ತಾರೆ. ಪೆನ್ಸಿಲ್ ತರುವಾಗ 2ಬಿ ಒಂದು, 4ಬಿ ಅಥವಾ 6ಬಿ ಒಂದು ತನ್ನಿ. ಬಿ ಹಿಂದಿನ ಅಂಕಿ ಹೆಚ್ಚಿದಷ್ಟೂ ಸೀಸ ಮೆತ್ತಗೆ, ಗೆರೆ ಕಪ್ಪಗೆ. ಎಚ್ ಪೆನ್ಸಿಲ್ ಗಟ್ಟಿ, ಮಗುವಿಗೆ ಹಾಳೆ ಹರಿಯುವಷ್ಟು ಒತ್ತಬೇಕಾಗುತ್ತದೆ. ಚಿಕ್ಕವರಿಗೆ 12 ಬಣ್ಣದ ಆಯಿಲ್ ಪೇಸ್ಟಲ್, ಆರೇಳು ವರ್ಷ ದಾಟಿದವರಿಗೆ ಪೋಸ್ಟರ್ ಕಲರಿನ ಐದಾರು ಬಾಟಲಿ, 4 ಮತ್ತು 8ನೇ ನಂಬರಿನ ಎರಡು ಗುಂಡು ಬ್ರಷ್. ಹಲಗೆಯ ಬದಲು ಎಕ್ಸಾಂ ಪ್ಯಾಡ್. ರಬ್ಬರ್ ಮಾತ್ರ ತರಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಯಾವ ವಯಸ್ಸಿಗೆ ಏನು ಬರುತ್ತದೆ ಅನ್ನುವುದು ಗೊತ್ತಿದ್ದರೆ ಅರ್ಧ ಜಗಳ ತಪ್ಪುತ್ತದೆ. ಒಂದೂವರೆ, ಎರಡು ವರ್ಷಕ್ಕೆ ಮಗು ಗೀಚುತ್ತದೆ, ಅದೂ ಹೆಚ್ಚಾಗಿ ಹೊಸ ಸುಣ್ಣ ಹೊಡೆದ ಗೋಡೆಯ ಮೇಲೆ. ಬೈಯಬೇಡಿ. ತನ್ನ ಕೈ ಆಡಿದ ಕಡೆ ಗುರುತು ಉಳಿಯುತ್ತದೆ ಅನ್ನುವುದೇ ಅದಕ್ಕೆ ದೊಡ್ಡ ಸುದ್ದಿ. ಗೋಡೆಯ ಕೆಳಭಾಗಕ್ಕೆ ಹಳೇ ಕ್ಯಾಲೆಂಡರ್ ಹಾಳೆ ತಿರುಗಿಸಿ ಅಂಟಿಸಿ, ಅಲ್ಲೇ ಗೀಚಲಿ. ಮೂರರ ಹೊತ್ತಿಗೆ ಗೆರೆ ಸುತ್ತಿಕೊಂಡು ಬಂದು ತನ್ನನ್ನೇ ಸೇರುತ್ತದೆ, ಸೊನ್ನೆ ಆಗುತ್ತದೆ. ಆ ಸೊನ್ನೆಗೆ ಮಗು ಹೆಸರಿಡುತ್ತದೆ. 'ಇದು ಅಜ್ಜ'. ಐದು ನಿಮಿಷ ಬಿಟ್ಟು ಕೇಳಿದರೆ ಅದೇ ಸೊನ್ನೆ ಬಸ್ ಆಗಿರುತ್ತದೆ. ಮೂರರಿಂದ ನಾಲ್ಕಕ್ಕೆ ಆ ಸೊನ್ನೆಗೆ ಎರಡು ಕಣ್ಣು ಬಂದು, ಕೆಳಗೆ ಎರಡು ಕಾಲು ನೇರವಾಗಿ ತಲೆಯಿಂದಲೇ ಹೊರಡುತ್ತವೆ. ನೋಡಲು ಕೆರೆಯ ಗೊದಮೊಟ್ಟೆಯ ಹಾಗೆ ಇರುತ್ತದೆ. ಹೊಟ್ಟೆ ಎಲ್ಲಿ ಅಂತ ಕೇಳಬೇಡಿ. ಅದೂ ಬರುತ್ತದೆ, ತಾನಾಗಿಯೇ.

ಐದರಿಂದ ಏಳು, ಎಂಟರವರೆಗಿನ ಕಾಲ ನನಗೆ ಬಹಳ ಇಷ್ಟ. ಹಾಳೆಯ ಕೆಳಗೆ ಒಂದು ನೆಲದ ಗೆರೆ, ಮೇಲೆ ಒಂದು ನೀಲಿ ಪಟ್ಟಿ ಆಕಾಶ, ಮಧ್ಯದ್ದೆಲ್ಲ ಖಾಲಿ. ಆ ಖಾಲಿಯೇ ಗಾಳಿ, ಅಲ್ಲಿ ನಾವು ಓಡಾಡುತ್ತೇವೆ ಅಂತ ಒಂದು ಮಗು ನನಗೆ ವಿವರಿಸಿ ಹೇಳಿತ್ತು. ಈ ವಯಸ್ಸಿನಲ್ಲಿ ಮುಖ್ಯವಾದದ್ದು ದೊಡ್ಡದಾಗಿ ಬರುತ್ತದೆ. ಅಮ್ಮ ಮನೆಗಿಂತ ಎತ್ತರ, ನಾಯಿ ಆಟೋದಷ್ಟು. ಗೋಡೆಯ ಹಿಂದಿರುವುದೂ ಕಾಣುತ್ತದೆ. ಬಸ್ಸಿನ ಒಳಗೆ ಕೂತವರ ಕಾಲು, ಹಸುವಿನ ಹೊಟ್ಟೆಯಲ್ಲಿ ಕರು, ಎಲ್ಲ.

ನಾನು ಎರಡನೇ ಕ್ಲಾಸಿನಲ್ಲಿದ್ದಾಗ ನಮ್ಮ ಮನೆಯ ಚಿತ್ರ ಬರೆದಿದ್ದೆ. ಹೊರಗಿನಿಂದ ಮನೆ, ಆದರೆ ಗೋಡೆಯ ಒಳಗೆ ಅಜ್ಜಿ ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿರುವುದೂ ಕಾಣುತ್ತಿತ್ತು. ನಮ್ಮ ಮೇಷ್ಟ್ರು ಅದರ ಮೇಲೆ ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದು 'ಗೋಡೆಯೇನು ಗಾಜಿಂದಾ?' ಅಂದರು. ಅವತ್ತು ಬಹಳ ಅತ್ತಿದ್ದೆ. ಎಷ್ಟೋ ವರ್ಷ ಆದ ಮೇಲೆ ಗೊತ್ತಾಯಿತು, ಆ ವಯಸ್ಸಿನ ಮಕ್ಕಳು ಕಂಡದ್ದನ್ನು ಬರೆಯುವುದಿಲ್ಲ, ಗೊತ್ತಿರುವುದನ್ನು ಬರೆಯುತ್ತಾರೆ ಅಂತ. ವಿಕ್ಟರ್ ಲೋವೆನ್‌ಫೆಲ್ಡ್ ಎಂಬ ಕಲಾ ಶಿಕ್ಷಕರು 1947ರಲ್ಲೇ ಈ ಹಂತಗಳನ್ನೆಲ್ಲ ವಿವರವಾಗಿ ಬರೆದಿಟ್ಟಿದ್ದರು. ಒಳಗೆ ಅಜ್ಜಿ ಇದ್ದಾರೆ ಅನ್ನುವುದು ನನಗೆ ಗೊತ್ತಿತ್ತು, ಹಾಗಾಗಿ ಬರೆದಿದ್ದೆ. ಅದರಲ್ಲಿ ತಪ್ಪೇನೂ ಇರಲಿಲ್ಲ. ನಿಮ್ಮ ಮಗುವಿನ ಚಿತ್ರದಲ್ಲಿ ಗೋಡೆಯ ಒಳಗಿರುವುದು ಕಂಡರೆ ದಯವಿಟ್ಟು 'ಒಳಗೆ ಇನ್ನೂ ಯಾರಿದ್ದಾರೆ?' ಅಂತ ಕೇಳಿ.

ಮಾಡಬಾರದ್ದು ನಾಲ್ಕಿವೆ, ಬೇಗ ಹೇಳುತ್ತೇನೆ. 'ಇದೇನಿದು?' ಅಂತ ಕೇಳಬೇಡಿ. 'ಇದರ ಬಗ್ಗೆ ಹೇಳು' ಅನ್ನಿ, ಎರಡಕ್ಕೂ ಬಹಳ ವ್ಯತ್ಯಾಸ ಇದೆ. ಸುಮ್ನೆ 'ಸೂಪರ್' ಅನ್ನಬೇಡಿ, ನೋಡದೇ ಹೇಳಿದ್ದು ಮಗುವಿಗೆ ತಕ್ಷಣ ಗೊತ್ತಾಗುತ್ತದೆ. 'ಈ ಎತ್ತಿನ ಕೊಂಬು ಒಂದು ಮೇಲಕ್ಕೆ, ಒಂದು ಕೆಳಕ್ಕೆ ಇದೆಯಲ್ಲ, ಅಂಥದ್ದು ಎಲ್ಲಿ ನೋಡಿದೆ?' ಅಂದರೆ ಅದು ಮಾತು. 'ಅಪ್ಪಾ, ನನಗೆ ಬರಲ್ಲ, ನೀನೇ ಬರಕೊಡು' ಅಂದಾಗ ಬರೆದುಕೊಡಬೇಡಿ, ಅದೇ ವಸ್ತುವಿನ ಹತ್ತಿರ ಕರೆದುಕೊಂಡು ಹೋಗಿ. ಇನ್ನು ರಬ್ಬರ್. ರಬ್ಬರ್ ಕೈಯಲ್ಲಿದ್ದರೆ ಮಗು ಬರೆಯುವುದಕ್ಕಿಂತ ಅಳಿಸುವುದೇ ಜಾಸ್ತಿ. ಒಂದು ಭಾನುವಾರ ಒಬ್ಬ ಹುಡುಗ ಒಂದು ಗಂಟೆ ಕೂತು ಒಂದೇ ಕಿವಿಯನ್ನು ಹನ್ನೊಂದು ಸಲ ಅಳಿಸಿದ. ಹಾಳೆಗೆ ತೂತು ಬಿತ್ತು, ಅವನು ಎದ್ದು ಹೋದ. ತಪ್ಪು ಗೆರೆಯ ಪಕ್ಕದಲ್ಲೇ ಸರಿ ಗೆರೆ ಎಳೆಯಲಿ. ತಪ್ಪಿದ ಗೆರೆ ಕಣ್ಣ ಮುಂದೆ ಇದ್ದರೇ ಎಷ್ಟು ತಪ್ಪಿತು ಅಂತ ಗೊತ್ತಾಗುವುದು.

ಈಗ ನಿಜವಾದ ಕೆಲಸಕ್ಕೆ ಬರೋಣ. ಚಿತ್ರ ಕಲಿಸುವುದು ಅಂದರೆ ಕೈಗೆ ಕಲಿಸುವುದು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಅಲ್ಲ. ಕಣ್ಣಿಗೆ ಕಲಿಸಬೇಕು. ಕೈ ಹಿಂದೆ ಬರುತ್ತದೆ.

ಒಂದು ಸ್ಟೀಲ್ ಲೋಟದಿಂದ ಶುರುಮಾಡಿ. ಎಂಟು ವರ್ಷ ದಾಟಿದ ಮಗುವಿಗೆ ಇದು ಚೆನ್ನಾಗಿ ಆಗುತ್ತದೆ. ಲೋಟವನ್ನು ಮಗುವಿನ ಕಣ್ಣಿನ ಸಮಕ್ಕೆ ಎತ್ತಿ ಹಿಡಿಯಿರಿ. ಬಾಯಿ ಹೇಗೆ ಕಾಣುತ್ತದೆ? ಬರೀ ಒಂದು ಅಡ್ಡಗೆರೆ. ಈಗ ನಿಧಾನವಾಗಿ ಕೆಳಗಿಳಿಸಿ. ಗೆರೆ ಬಾಯಿ ಬಿಡುತ್ತಾ ಚಪ್ಪಟೆ ಮೊಟ್ಟೆಯ ಆಕಾರಕ್ಕೆ ಬರುತ್ತದೆ, ಇನ್ನೂ ಇಳಿಸಿದರೆ ದುಂಡಗಾಗುತ್ತಾ ಹೋಗುತ್ತದೆ, ಪೂರ್ತಿ ವೃತ್ತ ಕಾಣಬೇಕಾದರೆ ಎದ್ದುನಿಂತು ನೇರ ಮೇಲಿನಿಂದಲೇ ಬಗ್ಗಿ ನೋಡಬೇಕು. ಮಕ್ಕಳು ಲೋಟ ಬರೆಯುವಾಗ ಬಾಯಿಯನ್ನು ದುಂಡಗೆ ಬರೆದು, ತಳವನ್ನು ಸ್ಕೇಲ್ ಇಟ್ಟಂತೆ ನೇರ ಎಳೆಯುತ್ತಾರೆ. ಬಾಯಿ ದುಂಡಗಿದೆ ಅಂತ ತಲೆಗೆ ಗೊತ್ತು, ತಳ ಮೇಜಿನ ಮೇಲೆ ಸಮ ಕೂತಿದೆ ಅಂತಲೂ ಗೊತ್ತು. ಕಣ್ಣಿಗೆ ಕಾಣುವುದು ಬೇರೆ. ತಳವೂ ಬಾಗಿರುತ್ತದೆ, ಬಾಯಿಗಿಂತ ಸ್ವಲ್ಪ ಜಾಸ್ತಿಯೇ. ಇದನ್ನು ನೀವು ಹೇಳಿಕೊಡಬೇಡಿ, ಲೋಟ ಮೇಲೆ ಕೆಳಗೆ ಆಡಿಸುತ್ತಾ ಇರಿ. ಕಂಡ ದಿನ ಮಗು ಕೂಗುತ್ತದೆ. ಆಮೇಲೆ ಬೆಣ್ಣೆ ದೋಸೆ ತಿನ್ನಲು ಹೋದಾಗ ತಟ್ಟೆ, ಚಟ್ನಿ ಬಟ್ಟಲು, ಕಾವಲಿ ಎಲ್ಲವನ್ನೂ ಹಾಗೇ ನೋಡತೊಡಗುತ್ತದೆ.

ಇನ್ನೊಂದು, ಹಾಳೆ ನೋಡದೇ ಬರೆಯುವುದು. ತನ್ನ ಎಡಗೈಯನ್ನೇ ಎದುರಿಗೆ ಇಟ್ಟುಕೊಂಡು, ಅದರ ಅಂಚಿನ ಮೇಲೆ ಒಂದು ಇರುವೆ ನಡೆಯುತ್ತಿದೆ ಅಂದುಕೊಂಡು, ಕಣ್ಣು ಆ ಇರುವೆಯ ಹಿಂದೆ ಹೋಗಬೇಕು, ಪೆನ್ಸಿಲ್ ಕಣ್ಣಿನ ಹಿಂದೆ ಹೋಗಬೇಕು, ಹಾಳೆಯನ್ನು ಮಾತ್ರ ನೋಡಬಾರದು. ಐದು ನಿಮಿಷ. ಬಂದ ಚಿತ್ರ ಸೊಟ್ಟಗಿರುತ್ತದೆ, ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ನಗಲಿ. ಆದರೆ ಆ ಸೊಟ್ಟ ಗೆರೆಯಲ್ಲಿ ಉಗುರಿನ ಪಕ್ಕದ ಮಡಿಕೆ, ಬೆರಳಿನ ಗಂಟು, ಎಲ್ಲವೂ ಇರುತ್ತವೆ. ಬಾಳೆಹಣ್ಣಿನ ಗೊನೆಯಂತೆ ಐದು ಬೆರಳು ಬರೆಯುವ ಅಭ್ಯಾಸ ಅಲ್ಲಿಗೆ ಮುರಿಯುತ್ತದೆ.

ಕೈಯಲ್ಲಿ ಮುಟ್ಟಿ ಮಾಡಿದ್ದು ಕಣ್ಣಿಗೆ ಬೇಗ ಬರುತ್ತದೆ. ಅದಕ್ಕೇ ನಾನು ಮಣ್ಣೆತ್ತಿನ ಅಮಾವಾಸ್ಯೆಯನ್ನು ಬಿಡುವುದಿಲ್ಲ. ಈಗ ಎಲ್ಲರೂ ಮಾರ್ಕೆಟ್ಟಿನಿಂದ ಜೋಡಿ ಎತ್ತು ತಂದು ಪೂಜೆ ಮಾಡಿಬಿಡುತ್ತೇವೆ. ಪೂಜೆಗೆ ಕುಂಬಾರರ ಎತ್ತು ತನ್ನಿ, ಅವರ ಕಸುಬೂ ಉಳಿಯಬೇಕು. ಅದರ ಜೊತೆಗೆ ಒಂದಿಷ್ಟು ಹಸಿಮಣ್ಣನ್ನೂ ಕೇಳಿ ತನ್ನಿ. ಮಣ್ಣನ್ನು ರೊಟ್ಟಿ ಹಿಟ್ಟಿನ ಹಾಗೆ ಚೆನ್ನಾಗಿ ನಾದಬೇಕು. ಕಾಲನ್ನು ಬೇರೆ ಮಾಡಿ ಅಂಟಿಸಿದರೆ ಒಣಗಿದಾಗ ಉದುರುತ್ತದೆ. ಒಂದೇ ಉಂಡೆಯಿಂದ ಕಾಲು, ಕತ್ತು, ಇಣಿ ಎಲ್ಲವನ್ನೂ ಎಳೆದು ತೆಗೆಯಬೇಕು. ಬಿಸಿಲಿಗೆ ಇಟ್ಟರೆ ಬಿರುಕು, ನೆರಳಲ್ಲಿ ಒಣಗಿಸಿ. ಹೀಗೆ ಒಂದು ಎತ್ತು ಮಾಡಿದ ಮಗುವಿಗೆ ಆಮೇಲೆ ಎತ್ತಿನ ಚಿತ್ರ ಬರೆಯಲು ಹೇಳಿ ನೋಡಿ. ಹಿಂಗಾಲಿನ ಬಾಗು ಎಲ್ಲಿಂದ ಶುರುವಾಗುತ್ತದೆ ಅಂತ ಅದರ ಬೆರಳಿಗೆ ಗೊತ್ತಿರುತ್ತದೆ. ಅದಕ್ಕೂ ಮೊದಲು ಬರುವ ಕಾರಹುಣ್ಣಿಮೆಗೆ ಹಳ್ಳಿಗೆ ಹೋದರೆ ಕೊಂಬಿಗೆ ಬಣ್ಣ ಬಳಿಯುವುದನ್ನೂ ತೋರಿಸಿ, ಆಗಲಿ ಅಂದರೆ ಒಂದು ಕೊಂಬಿಗೆ ಮಗುವಿನಿಂದಲೇ ಬಳಿಸಿ.

ಬಣ್ಣದ ಬಗ್ಗೆ. ಅಂಗಡಿ ಬಣ್ಣ ಮುಗಿಯಿತು ಅಂತ ಚಿತ್ರ ನಿಲ್ಲಬಾರದು. ನಮ್ಮ ಕಡೆ ಎರೆಮಣ್ಣು, ಕೆಮ್ಮಣ್ಣು ಎರಡೂ ಸಿಗುತ್ತವೆ. ಕೆಮ್ಮಣ್ಣನ್ನು ಕುಟ್ಟಿ, ಬಟ್ಟೆಯಲ್ಲಿ ಜರಡಿ ಹಿಡಿದು, ನೀರಿಗೆ ಹಾಕಿ ಕಲಕಿ. ಒಂದು ನಿಮಿಷ ಬಿಡಿ, ಮರಳು ತಳಕ್ಕೆ ಕೂರುತ್ತದೆ. ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ತಿಳಿನೀರು ಚೆಲ್ಲಿದರೆ ಕೆಳಗೆ ಬೆಣ್ಣೆಯಂಥ ಮಣ್ಣು ಸಿಗುತ್ತದೆ. ಅದಕ್ಕೆ ಅಂಟು ಬೇಕು. ಜಾಲಿ ಅಥವಾ ಬೇವಿನ ಮರದ ಅಂಟನ್ನು ನೀರಲ್ಲಿ ನೆನೆಸಿ ಸೋಸಿಕೊಳ್ಳಿ, ಇಲ್ಲದಿದ್ದರೆ ಫೆವಿಕಾಲ್ ಸಾಕು. ಎರಡು ಚಮಚ ಮಣ್ಣಿಗೆ ಒಂದು ಚಮಚ ಅಂಟಿನಿಂದ ಶುರುಮಾಡಿ. ಒಣಗಿದ ಮೇಲೆ ಬೆರಳಿಗೆ ಬಣ್ಣ ಹತ್ತಿದರೆ ಅಂಟು ಕಡಿಮೆಯಾಗಿದೆ, ಬಿರುಕು ಬಿಟ್ಟು ಸಿಪ್ಪೆ ಎದ್ದರೆ ಜಾಸ್ತಿಯಾಗಿದೆ. ಕಪ್ಪಿಗೆ ಇದ್ದಿಲ ಪುಡಿ, ಬಿಳಿಗೆ ಸೀಮೆಸುಣ್ಣದ ಪುಡಿ. ಅರಿಶಿನ ಹಳದಿ ಕೊಡುತ್ತದೆ, ಆದರೆ ಬಿಸಿಲಿಗೆ ಮಾಸುತ್ತದೆ. ಅರಿಶಿನಕ್ಕೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುವುದನ್ನು ಮಕ್ಕಳಿಗೆ ತಪ್ಪದೇ ತೋರಿಸಿ, ಸುಣ್ಣ ಮಾತ್ರ ನೀವೇ ಮುಟ್ಟಿ.

ಮಣ್ಣಿನ ಬಣ್ಣ ಬಡವರ ಬಣ್ಣ ಅಂತ ಯಾರಾದರೂ ಅಂದರೆ ನಂದಲಾಲ್ ಬೋಸ್ ಅವರ ಕಥೆ ಹೇಳಿ. 1938ರಲ್ಲಿ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿಯವರು ಬೋಸ್ ಅವರನ್ನು ಕರೆಸಿದಾಗ ಬೋಸ್ ಬರೆದದ್ದು ಡೋಲು ಬಡಿಯುವವರು, ಬಡಗಿಗಳು, ರೈತರು, ಕೆಲಸದಲ್ಲಿ ತೊಡಗಿದ ಹೆಂಗಸರನ್ನು, ಅದೂ ಮಣ್ಣಿನ ಬಣ್ಣಗಳಲ್ಲಿ. ಮುಂದೆ ನಮ್ಮ ಸಂವಿಧಾನದ ಮೂಲ ಪ್ರತಿಯ ಪುಟಗಳನ್ನು ಚಿತ್ರಗಳಿಂದ ಅಲಂಕರಿಸಿದವರೂ ಅವರೇ, ತಮ್ಮ ಶಿಷ್ಯರ ಜೊತೆ. ದೂರ ಯಾಕೆ, ಪಕ್ಕದ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಹೆಣ್ಣುಮಕ್ಕಳು ಅಕ್ಕಿ ಹಿಟ್ಟು, ಕೆಮ್ಮಣ್ಣು, ಪುಂಡಿ ನಾರಿನ ಬ್ರಷ್ ಇಟ್ಟುಕೊಂಡು ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಅಂಥ ನೇರ ಗೆರೆ ಎಳೆಯಲು ನನಗೆ ಚಾಕ್ ಹಚ್ಚಿದ ದಾರ ಬೇಕಿತ್ತು.

ತಿಂಗಳಿಗೊಮ್ಮೆಯಾದರೂ ಹೊರಗೆ ಕರೆದುಕೊಂಡು ಹೋಗಿ. ಚಿತ್ರದುರ್ಗದ ಹೆಸರಲ್ಲೇ ಚಿತ್ರ ಇದೆ ಅಲ್ವಾ? ಆ ಕೋಟೆಯ ಬಂಡೆಗಳಷ್ಟು ಚೆನ್ನಾಗಿ ನೆರಳು ಬೆಳಕು ಕಲಿಸುವ ಜಾಗ ನಾನು ಬೇರೆ ನೋಡಿಲ್ಲ. ಬೆಳಿಗ್ಗೆ ಬೇಗ ಹೋಗಿ, ಇಲ್ಲವೇ ನಾಲ್ಕು ಗಂಟೆ ಮೇಲೆ ಹೋಗಿ. ನಡುಮಧ್ಯಾಹ್ನ ನೆರಳೇ ಇರುವುದಿಲ್ಲ, ಬಂಡೆ ಚಪ್ಪಟೆ ಕಾಣುತ್ತದೆ, ಮಕ್ಕಳೂ ಬಾಡುತ್ತಾರೆ. ಒಂದೇ ಒಂದು ಗುಂಡು ಆರಿಸಿಕೊಳ್ಳಲಿ. ಇಡೀ ಏಳು ಸುತ್ತಿನ ಕೋಟೆಯನ್ನು ಒಂದು ಹಾಳೆಗೆ ತುರುಕುವುದು ಬೇಡ. ಬಿಸಿಲು ಬಿದ್ದ ಕಡೆ ಹಾಳೆಯ ಬಿಳಿ ಹಾಗೇ ಇರಲಿ, ಅರೆನೆರಳಿಗೆ ಇದ್ದಿಲನ್ನು ಅಡ್ಡ ಹಿಡಿದು ಮೆಲ್ಲಗೆ ಉಜ್ಜಲಿ, ಪೂರಾ ನೆರಳಿಗೆ ಒತ್ತಲಿ. ಮೂರೇ ಮೂರು ಬಣ್ಣ, ಗುಂಡು ಹಾಳೆಯಿಂದ ಎದ್ದು ಬರುತ್ತದೆ. ತಿಂಡಿ ಚೀಲ ಮಾತ್ರ ಕಟ್ಟಿಡಿ, ಕೋತಿಗಳಿವೆ.

ಮೆಟ್ಟಿಲು ಕಲಿಸಬೇಕಾದರೆ ಚನ್ನಗಿರಿ ತಾಲೂಕಿನ ಸಂತೆಬೆನ್ನೂರು ಪುಷ್ಕರಿಣಿ. ದಡದಲ್ಲಿ ಕೂತು ನೋಡಿದರೆ ಹತ್ತಿರದ ಮೆಟ್ಟಿಲು ಅಗಲ, ಎದುರು ದಡದ್ದು ಬರೀ ಗೆರೆ, ನಡುವೆ ನೀರಲ್ಲಿ ಮಂಟಪ. ದೂರ ಹೋದಂತೆ ಎಲ್ಲ ಸಣ್ಣದಾಗುತ್ತದೆ ಅನ್ನುವುದನ್ನು ಯಾವ ಪುಸ್ತಕವೂ ಇಷ್ಟು ಸಲೀಸಾಗಿ ಹೇಳುವುದಿಲ್ಲ. ಹರಿಹರದ ಹರಿಹರೇಶ್ವರ ದೇವಸ್ಥಾನವೂ ಹತ್ತಿರ, ಹೊಯ್ಸಳರ ಕಾಲದ್ದು, 1224ರ ಸುಮಾರಿನದು. ಅಲ್ಲಿನ ದೇವರು ಅರ್ಧ ಹರಿ, ಅರ್ಧ ಹರ. ನಾನು ಮಕ್ಕಳಿಗೆ ಹಾಳೆ ಮಧ್ಯೆ ಮಡಚಲು ಹೇಳಿ, ಒಂದು ಅರ್ಧದಲ್ಲಿ ಒಬ್ಬರು, ಇನ್ನರ್ಧದಲ್ಲಿ ಇನ್ನೊಬ್ಬರು ಬರೆಯಬೇಕು, ಆದರೆ ಒಂದೇ ಮೈ ಆಗಬೇಕು ಅನ್ನುತ್ತೇನೆ. ಒಬ್ಬಳು ಅರ್ಧ ಅಮ್ಮ, ಅರ್ಧ ತಾನು ಬರೆದಳು. ಅಮ್ಮನ ಕೈಯಲ್ಲಿ ಸೌಟು, ತನ್ನ ಕೈಯಲ್ಲಿ ಬ್ಯಾಟು.

ಒಂಬತ್ತು ಹತ್ತು ವರ್ಷಕ್ಕೆ ಒಂದು ಕಷ್ಟ ಬರುತ್ತದೆ. ಅಲ್ಲಿಯವರೆಗೆ ದಿನಾ ಬರೆಯುತ್ತಿದ್ದ ಮಗು ತಟ್ಟನೆ ನಿಲ್ಲಿಸುತ್ತದೆ. 'ನನ್ನದು ಚೆನ್ನಾಗಿಲ್ಲ' ಅನ್ನುತ್ತದೆ. ಕಣ್ಣು ಬೆಳೆದಿದೆ, ಕೈ ಇನ್ನೂ ಬೆಳೆದಿಲ್ಲ, ತನ್ನ ಚಿತ್ರ ನಿಜದಂತೆ ಇಲ್ಲ ಅನ್ನುವುದು ಈಗ ಅದಕ್ಕೆ ಕಾಣುತ್ತದೆ. ಹೆಚ್ಚಿನ ದೊಡ್ಡವರು 'ನನಗೆ ಚಿತ್ರ ಬರಲ್ಲ' ಅನ್ನುವುದು ಇಲ್ಲೇ ನಿಂತುಬಿಟ್ಟಿದ್ದರಿಂದ. ಆಗ ಹೊಗಳಬೇಡಿ, ಹೊಗಳಿದರೆ ನಂಬುವುದಿಲ್ಲ. ಈ ವಯಸ್ಸಿಗೆ ಉಪಾಯ ಹೇಳಿಕೊಡಬೇಕು. ಪೆನ್ಸಿಲನ್ನು ತೋಳುದ್ದ ಹಿಡಿದು ಒಂದು ಕಣ್ಣು ಮುಚ್ಚಿ ಅಳೆಯುವುದು. ಒಂದು ಫೋಟೋವನ್ನು ತಲೆಕೆಳಗಾಗಿ ಇಟ್ಟು ಬರೆಯುವುದು, ಆಗ ಮೂಗು ಮೂಗಾಗಿ ಕಾಣದೆ ಬರೀ ಗೆರೆಯಾಗಿ ಕಾಣುತ್ತದೆ, ಗೆರೆ ಸರಿ ಬರುತ್ತದೆ. ಬೋರ್ಡ್ ಬರೆಯುವಾಗ ನಾವು ಮಾಡುತ್ತಿದ್ದ ಹಾಗೆ ಎಡಗೈಯಲ್ಲಿ ಕೋಲು ಹಿಡಿದು ಅದರ ಮೇಲೆ ಬಲಗೈ ಮಣಿಕಟ್ಟು ಊರಿ ಬ್ರಷ್ ಎಳೆಯುವುದು, ಕೈ ನಡುಗುವುದಿಲ್ಲ. ಕನ್ನಡ ಅಕ್ಷರಗಳನ್ನೂ ಬರೆಸಿ. 'ಳ' ಅನ್ನು ಅಂಗೈಯಷ್ಟು ದೊಡ್ಡದಾಗಿ ಬ್ರಷ್ಷಿನಲ್ಲಿ ಬರೆದು ಎಲ್ಲಿ ದಪ್ಪ, ಎಲ್ಲಿ ತೆಳು ಅಂತ ನೋಡಿದ ಮಗುವಿಗೆ ಬಾಗುವ ಗೆರೆ ಎಲ್ಲೂ ಕಷ್ಟವಾಗುವುದಿಲ್ಲ. ನನ್ನ ತಾರಸಿಯಲ್ಲಿ ಚಿತ್ರ ಬಿಟ್ಟಿದ್ದ ಮೂವರು ಅಕ್ಷರದ ದಾರಿಯಲ್ಲೇ ವಾಪಸ್ ಬಂದರು.

ಸ್ಪರ್ಧೆಗಳ ಬಗ್ಗೆ ನನಗೆ ಅಷ್ಟು ಒಲವಿಲ್ಲ. ವಿಷಯ ಕೊಟ್ಟು ಒಂದು ಗಂಟೆ ಕೊಟ್ಟರೆ ಮಕ್ಕಳು ಮನೆಯಲ್ಲಿ ಬಾಯಿಪಾಠ ಮಾಡಿದ ಚಿತ್ರವನ್ನೇ ಬರೆಯುತ್ತಾರೆ. ಹೋಗಬೇಕು ಅಂದರೆ ಹೋಗಲಿ, ಬಹುಮಾನದ ಮಾತು ಮನೆಯಲ್ಲಿ ಎತ್ತಬೇಡಿ. ಹೈಸ್ಕೂಲಿಗೆ ಬಂದ ಮಗುವಿಗೆ ನಿಜವಾದ ಆಸಕ್ತಿ ಇದ್ದರೆ ರಾಜ್ಯದ ಪರೀಕ್ಷಾ ಮಂಡಳಿ ನಡೆಸುವ ಡ್ರಾಯಿಂಗ್ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗಳಿವೆ. ಮುಂದೆ ಅದನ್ನೇ ಓದಬೇಕು ಅಂದರೆ ಬೆಂಗಳೂರಿಗೇ ಹೋಗಬೇಕಿಲ್ಲ, ದಾವಣಗೆರೆ ವಿಶ್ವವಿದ್ಯಾಲಯದ ದೃಶ್ಯಕಲಾ ಮಹಾವಿದ್ಯಾಲಯ ನಮ್ಮೂರಲ್ಲೇ ಇದೆ. ಒಂದು ದಿನ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ತೋರಿಸಿ.

'ಇದರಿಂದ ಏನು ಸಿಗುತ್ತೆ?' ಅಂತ ಅಪ್ಪ ಅಮ್ಮಂದಿರು ಕೇಳುತ್ತಾರೆ. ಡ್ರಾಯಿಂಗ್ ಪೀರಿಯಡ್ಡನ್ನು ಗಣಿತದವರು ತೆಗೆದುಕೊಂಡರೆ ಯಾರೂ ದೂರುವುದಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲೆಯೂ ಶಾಲೆಯಲ್ಲಿ ಒಂದು ವಿಷಯವಾಗಿಯೇ ಇರಬೇಕು ಅಂದಿತ್ತು, ಆದರೂ ಅದು ಇವತ್ತಿಗೂ ಬಿಡುವಿನ ಕೆಲಸವಾಗಿಯೇ ಉಳಿದಿದೆ. ನನಗೆ ಗೊತ್ತಿರುವ ಉತ್ತರ ಹೇಳುತ್ತೇನೆ. ಈ ಊರು ನಾಟಕ ಕಂಪನಿಗಳ ಊರು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದು. ಅಂಥ ಕಂಪನಿಗಳಲ್ಲಿ ಬೀದಿ, ಕಾಡು, ಅರಮನೆಯ ಪರದೆಗಳನ್ನು ಬರೆಯುವ ಕಲಾವಿದರಿದ್ದರು. ಪರದೆ ಬಿಟ್ಟ ತಕ್ಷಣ ಜನ ಕಾಡಿನಲ್ಲಿ ಕೂತಂತೆ ಕೂರುತ್ತಿದ್ದರು. ಆ ಕೈಗಳೇ ಹಗಲು ಅಂಗಡಿ ಬೋರ್ಡು ಬರೆಯುತ್ತಿದ್ದವು, ಹಬ್ಬಕ್ಕೆ ಗಣಪತಿಗೆ ಕಣ್ಣು ಬರೆಯುತ್ತಿದ್ದವು. ಒಂದು ಊರು ತನ್ನನ್ನು ತಾನು ನೋಡಿಕೊಳ್ಳುತ್ತಿದ್ದದ್ದು ಇವರ ಕೈಯಿಂದ. ಈಗ ಒಂದೇ ಮುಖದ ಫ್ಲೆಕ್ಸು, ಒಂದೇ ಅಕ್ಷರ, ದಾವಣಗೆರೆಯಲ್ಲೂ ಅದೇ, ಚಳ್ಳಕೆರೆಯಲ್ಲೂ ಅದೇ.

ನಮ್ಮ ಓಣಿಯ ತುದಿಯಲ್ಲಿ ಒಂದು ಬೇವಿನ ಮರ ಇತ್ತು, ಅದರ ಕೆಳಗೆ ಒಂದು ಟೀ ಅಂಗಡಿ. ನಾಲ್ಕು ಭಾನುವಾರ ಮಕ್ಕಳಿಂದ ಅದನ್ನೇ ಬರೆಸಿದೆ. ಮೊದಲ ವಾರ ಬರೀ ಬೊಡ್ಡೆ, ತೊಗಟೆಯ ಬಿರುಕಿನ ಸಮೇತ. ಎರಡನೇ ವಾರ ಕೊಂಬೆ ಎಲ್ಲೆಲ್ಲಿ ಕವಲೊಡೆಯುತ್ತದೆ, ಒಡೆದಾಗಲೆಲ್ಲ ಹೇಗೆ ತೆಳ್ಳಗಾಗುತ್ತದೆ ಅನ್ನುವುದು. ಮೂರನೇ ವಾರ ಎಲೆ ಬರೆಯಬೇಡಿ, ಎಲೆಗಳ ನಡುವೆ ಕಾಣುವ ಆಕಾಶದ ತುಂಡುಗಳನ್ನು ಮಾತ್ರ ಬರೆಯಿರಿ ಅಂದೆ. ಅವತ್ತು ಬಂದಷ್ಟು ಒಳ್ಳೆಯ ಮರಗಳು ಮತ್ತೆ ಬಂದಿಲ್ಲ. ನಾಲ್ಕನೇ ವಾರ ಕೆಳಗೆ ಕೂತವರು. ಮುಂದಿನ ವರ್ಷ ಚರಂಡಿ ಕೆಲಸಕ್ಕೆ ಆ ಮರ ಹೋಯಿತು. ದೊಡ್ಡವರು ನಾವು ಎರ‍ಡು ದಿನ ಮಾತಾಡಿ ಸುಮ್ಮನಾದೆವು. ಮಕ್ಕಳು ಸುಮ್ಮನಾಗಲಿಲ್ಲ. ಯಾವ ಕೊಂಬೆ ರಸ್ತೆ ಕಡೆ ಇತ್ತು, ಯಾವುದರಲ್ಲಿ ಕಾಗೆ ಗೂಡಿತ್ತು, ಎಲ್ಲ ಅವರಿಗೆ ಗೊತ್ತಿತ್ತು. ಟೀ ಅಂಗಡಿಯವರು ಮೇಲೆ ಬಂದು ಹಳೇ ಹಾಳೆಗಳನ್ನೆಲ್ಲ ಹುಡುಕಿಸಿ ಒಂದು ಚಿತ್ರ ತೆಗೆದುಕೊಂಡು ಹೋದರು. ಅದಕ್ಕೆ ಗಾಜು ಹಾಕಿಸಿ ದೇವರ ಫೋಟೋ ಪಕ್ಕ ಇಟ್ಟಿದ್ದಾರೆ. ಬರೆದ ಹುಡುಗಿಗೆ ಆಗ ಎಂಟು ವರ್ಷ. ಏನು ಸಿಗುತ್ತೆ ಅಂತ ಕೇಳಿದವರನ್ನು ನಾನು ಆ ಅಂಗಡಿಗೆ ಟೀ ಕುಡಿಯಲು ಕರೆದುಕೊಂಡು ಹೋಗುತ್ತೇನೆ.

ಕೊನೆಯ ಕೆಲಸ, ಇದನ್ನು ಎಲ್ಲರೂ ಮರೆಯುತ್ತಾರೆ. ಪ್ರತಿ ಚಿತ್ರದ ಮೂಲೆಯಲ್ಲಿ ಹೆಸರು, ತಾರೀಖು ಬರೆಸಿ. ಮೊಳಕಾಲ್ಮುರು ತಾಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ. ರಾಜನ ಮಾತೆಲ್ಲ ಮುಗಿದ ಮೇಲೆ ಕೊನೆಯಲ್ಲಿ, ಇದನ್ನು ಬರೆದವನು ಲಿಪಿಕಾರ ಚಪಡ ಅಂತ ಇದೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಆ ಬಂಡೆಯ ಮುಂದೆ ಕೂತು ಅಕ್ಷರ ಬರೆದವನು ತನ್ನ ಹೆಸರು ಬಿಟ್ಟುಹೋಗಿದ್ದಾನೆ. ಮಕ್ಕಳಿಗೆ ಈ ಕಥೆ ಹೇಳಿದ ದಿನದಿಂದ ಯಾರೂ ಹೆಸರು ಹಾಕುವುದನ್ನು ಮರೆತಿಲ್ಲ. ಹಾಳೆಗಳನ್ನು ಸುರುಳಿ ಸುತ್ತಬೇಡಿ, ಬಣ್ಣ ಉದುರುತ್ತದೆ. ಎರಡು ರಟ್ಟಿನ ಮಧ್ಯೆ ಇಟ್ಟು ದಾರ ಕಟ್ಟಿ, ಗೆದ್ದಲು ಬರದ ಕಡೆ ಮಂಚದ ಕೆಳಗೆ ಇಡಿ, ನಡುವೆ ನಾಲ್ಕು ಬೇವಿನ ಎಲೆ ಹಾಕಿ. ವರ್ಷಕ್ಕೊಮ್ಮೆ ಎಲ್ಲವನ್ನೂ ತಾರೀಖಿನ ಪ್ರಕಾರ ನೆಲದ ಮೇಲೆ ಹಾಸಿ ಮಗುವಿನ ಜೊತೆ ಕೂತು ನೋಡಿ. ನೀವು ಏನೂ ಹೇಳಬೇಡಿ, ಅದೇ ಹೇಳುತ್ತದೆ. ನಮ್ಮಲ್ಲಿ ಒಬ್ಬಳು ತಾರೀಖಿನ ಕೆಳಗೆ 'ಮಳೆ ಬಂತು, ಅರ್ಧಕ್ಕೆ ಬಿಟ್ಟೆ' ಅಂತ ಬರೆದಿಡುತ್ತಾಳೆ. ಅರ್ಧಕ್ಕೆ ಬಿಟ್ಟದ್ದನ್ನೂ ಎಸೆಯಬೇಡಿ, ಅದಕ್ಕೂ ಹೆಸರು ಹಾಕಿಸಿ ರಟ್ಟಿನೊಳಗೆ ಇಡಿ.